ಆನಾ ಕ್ಯಾಥರಿನ್ ಗ್ರೀನ್ ಓದಿದೋರು ಯಾರಾದ್ರೂ ಇದೀರಾ? ಲೆವನ್‌ವರ್ತ್ ಕೇಸ್ ಅರ್ಧಕ್ಕೆ ನಿಂತಿದೆ

ಹಾಸನದ_ಓದುಗ

ನಮಸ್ಕಾರ ಎಲ್ರಿಗೂ. ಶೆರ್ಲಾಕ್ ಹೋಮ್ಸ್ ಪೂರ್ತಿ ಆಯ್ತು, ಎಡ್ಗರ್ ಅಲನ್ ಪೋ ಬರೆದ ಡ್ಯೂಪಿನ್ ಅನ್ನೋ ಪತ್ತೇದಾರನ ಕತೆಗಳು ಇರೋದೇ ಮೂರು, ಅವೂ ಆದ್ವು. ಪೋ ಅವರ ಮೊದಲನೇ ಕತೆ 1841, ಹೋಮ್ಸ್ ಬಂದಿದ್ದು 1887, ಇದರ ಮಧ್ಯೆ ಅಮೆರಿಕದಲ್ಲಿ ಪತ್ತೇದಾರಿ ಬರೆಯೋರು ಯಾರೂ ಇರ್ಲಿಲ್ವಾ ಅಂತ ಹುಡುಕ್ತಾ ಹೋದಾಗ ಸಿಕ್ಕ ಹೆಸರು ಆನಾ ಕ್ಯಾಥರಿನ್ ಗ್ರೀನ್. ಬ್ರೂಕ್ಲಿನ್‌ನಲ್ಲಿ 1846ರಲ್ಲಿ ಹುಟ್ಟಿದೋರು, ಮೊದಲನೇ ಕಾದಂಬರಿ 'ದಿ ಲೆವನ್‌ವರ್ತ್ ಕೇಸ್' 1878ರಲ್ಲಿ ಬಂದಿದ್ದು, ಅಂದ್ರೆ ಹೋಮ್ಸ್‌ಗಿಂತ ಒಂಬತ್ತು ವರ್ಷ ಮೊದಲೇ! ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಇ-ಪುಸ್ತಕದ ಸೈಟ್‌ನಲ್ಲಿ ಫ್ರೀ ಇತ್ತು, ಫೋನ್‌ಗೆ ಇಳಿಸ್ಕೊಂಡೆ.

ಶುರು ಸಕತ್ತಾಗಿದೆ. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂ ಬಂಗಲೆ, ಹೊರಾಶಿಯೋ ಲೆವನ್‌ವರ್ತ್ ಅನ್ನೋ ಸಾಹುಕಾರ ರಾತ್ರಿ ತನ್ನ ಲೈಬ್ರರಿಯಲ್ಲಿ ಟೇಬಲ್ ಮುಂದೆ ಕೂತಿದ್ದಂಗೇ ತಲೆಗೆ ಗುಂಡು ಬಿದ್ದು ಸತ್ತಿದಾನೆ, ಬೆಳಗ್ಗೆ ನೋಡಿದ್ರೆ ಮನೆ ಬಾಗಿಲು ಕಿಟಕಿ ಎಲ್ಲಾ ಭದ್ರವಾಗಿ ಹಾಕಿದಂಗೇ ಇದೆ, ಅಂದ್ರೆ ಕೊಂದೋರು ಮನೆ ಒಳಗಿನೋರೇ. ಅವನ ಅಣ್ಣತಮ್ಮಂದಿರ ಹೆಣ್ಣುಮಕ್ಕಳು ಇಬ್ಬರು, ಮೇರಿ ಮತ್ತೆ ಎಲಿಯನೋರ್, ಆಸ್ತಿಯೆಲ್ಲಾ ಒಬ್ಬಳಿಗೆ ಇನ್ನೊಬ್ಬಳಿಗೆ ಏನೂ ಇಲ್ಲ. ಇಷ್ಟರವರೆಗೂ ಸೂಪರ್. ಆಮೇಲೆ ಇನ್‌ಕ್ವೆಸ್ಟ್ ಅಂತ, ಅಂದ್ರೆ ಸಾವಿನ ವಿಚಾರಣೆ, ಶುರುವಾಯ್ತು ನೋಡಿ, ಬಟ್ಲರ್ ಬಂದ, ಸೆಕ್ರೆಟರಿ ಬಂದ, ಅಡುಗೆಯವಳು ಬಂದ್ಲು, ಡಾಕ್ಟರ್ ಬಂದ್ರು, ಎಲ್ರಿಗೂ ಪ್ರಶ್ನೆ ಉತ್ತರ ಪ್ರಶ್ನೆ ಉತ್ತರ, ಚಾಪ್ಟರ್ ಮೇಲೆ ಚಾಪ್ಟರ್ ಅದೇ. ಅಲ್ಲಿಗೆ ನಿಲ್ಲಿಸಿದೀನಿ.

ಮುಂದುವರೆಸ್ಲಾ, ಇಲ್ಲ ಇವರದ್ದೇ ಬೇರೆ ಯಾವ್ದಾದ್ರೂ ಹಿಡೀಲಾ? ಇನ್ನೊಂದು, 'ಪತ್ತೇದಾರಿ ಕಾದಂಬರಿಯ ತಾಯಿ' ಅಂತೆಲ್ಲ ಬರೀತಾರಲ್ಲ, ಅದು ನಿಜವಾ ಇಲ್ಲ ಪಬ್ಲಿಷರ್‌ಗಳ ಬಿಲ್ಡಪ್ಪಾ? ದಯವಿಟ್ಟು ಕೊಲೆಗಾರ ಯಾರು ಅಂತ ಮಾತ್ರ ಹೇಳ್ಬೇಡಿ.

---

ಕರಿಕೋಟು

ಅಯ್ಯೋ, ಇನ್‌ಕ್ವೆಸ್ಟ್‌ನಲ್ಲೇ ಬಿಟ್ಬಿಟ್ರಾ! ಆ ಪುಸ್ತಕದ ಜೀವ ಇರೋದೇ ಅಲ್ಲಿ ಸರ್. ನಾನು ಕೋರ್ಟ್ ಕಡೆಯವನಾದ್ದರಿಂದ ನನಗೆ ಹಂಗನ್ಸುತ್ತೋ ಏನೋ, ಆದ್ರೂ ಕೇಳಿ.

ನಮ್ಮಲ್ಲಿ ಅಸಹಜ ಸಾವು ಅಂದ್ರೆ ಪೊಲೀಸ್ನೋರು ಬಂದು ಪಂಚರನ್ನ ಕರೆದು ಶವ ಪಂಚನಾಮೆ ಮಾಡಿ ಪೋಸ್ಟ್‌ಮಾರ್ಟಂಗೆ ಕಳಿಸ್ತಾರೆ, ಸಾಕ್ಷಿಗಳನ್ನ ಎಲ್ರೆದುರಿಗೆ ಕೂರಿಸಿ ಕೇಳೋದು ಅಂತ ಇಲ್ಲ. ಆಗಿನ ನ್ಯೂಯಾರ್ಕ್‌ನಲ್ಲಿ ಕರೊನರ್ ಅನ್ನೋ ಅಧಿಕಾರಿ ಜ್ಯೂರಿ ಸೇರಿಸಿ ವಿಚಾರಣೆ ಮಾಡ್ತಿದ್ದ. ಈ ಪುಸ್ತಕದಲ್ಲಿ ಅದು ನಡೆಯೋದು ಸತ್ತವನ ಮನೆಯಲ್ಲೇ, ಹೆಣ ಮಹಡಿ ಮೇಲೆ ಇರ್ಬೇಕಾದ್ರೇ ಕೆಳಗಡೆ ಹಾಲ್‌ನಲ್ಲಿ ಮನೆ ಆಳುಗಳು, ಊರ ಜನ, ಪೇಪರ್ನೋರ ಮುಂದೆ. ಮನೆ ಮಾನ ಹೆಂಗೆ ಬೀದಿಗೆ ಬರುತ್ತೆ ಅನ್ನೋದು ಆ ಚಾಪ್ಟರ್‌ಗಳಲ್ಲಿ ಇರೋದು, ಬರೀ ಪ್ರಶ್ನೋತ್ತರ ಅಲ್ಲ.

ಗ್ರೀನ್ ಅವರಪ್ಪ ನ್ಯೂಯಾರ್ಕ್‌ನಲ್ಲಿ ವಕೀಲರು, ಪುಸ್ತಕದ ಉಪಶೀರ್ಷಿಕೆನೇ 'ಒಬ್ಬ ವಕೀಲನ ಕತೆ'. ಕತೆ ಹೇಳೋ ರೇಮಂಡ್ ಒಂದು ಲಾ ಫರ್ಮ್‌ನ ಜೂನಿಯರ್ ಪಾರ್ಟ್ನರ್. ಸಾಕ್ಷಿ ಹೇಳೋನು ಎಲ್ಲಿ ತಡವರಿಸ್ತಾನೆ, ಯಾವ ಪ್ರಶ್ನೆಗೆ ಉತ್ತರ ಕೊಡದೇ ಜಾರ್ಕೊಳ್ತಾನೆ, ಕರೊನರ್ ಯಾವ ಪ್ರಶ್ನೆ ಕೇಳೋದು ಮರೀತಾನೆ, ಇದನ್ನೆಲ್ಲ ಗಮನಿಸ್ತಾ ಓದಿ. ಯೇಲ್ ಲಾ ಸ್ಕೂಲಲ್ಲಿ ಸಾಂದರ್ಭಿಕ ಸಾಕ್ಷ್ಯ ಎಷ್ಟು ದಾರಿ ತಪ್ಪಿಸ್ಬಹುದು ಅಂತ ತೋರಿಸೋಕೆ ಈ ಕಾದಂಬರಿನ ಬಳಸ್ತಿದ್ರು ಅಂತ ಎಲ್ಲ ಕಡೆ ಬರೀತಾರೆ, ಓದಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

ಒಂದು ಹಿಂಟ್ ಕೊಡ್ತೀನಿ, ಸ್ಪಾಯ್ಲರ್ ಅಲ್ಲ, ನೀವು ಆಗಲೇ ಓದಿರೋ ಭಾಗದ ಹತ್ರನೇ ಬರುತ್ತೆ. ಪಿಸ್ತೂಲು ಸತ್ತವನದ್ದೇ, ಹಾಸಿಗೆ ಪಕ್ಕದ ಡ್ರಾಯರ್‌ನಲ್ಲಿ ಇಟ್ಟಲ್ಲೇ ಇದೆ, ಗುಂಡು ಎಲ್ಲಾ ತುಂಬಿದೆ, ನಳಿಗೆ ಕ್ಲೀನಾಗಿದೆ. ಹಾರಿಸಿದ ಗುರುತೇ ಇಲ್ಲ. ಆದ್ರೆ ಪರಿಣಿತ ಬಂದು ನೋಡಿದ್ರೆ ಗುಂಡು ತುಂಬೋ ಮನೆಗಳಲ್ಲಿ ಒಂದರ ಅಂಚಲ್ಲಿ ಮಾತ್ರ ಸಣ್ಣ ಕರೀ ಮಸಿ ಗೆರೆ! ಹಾರಿಸಿದೋರು ನಳಿಗೆ ಒರೆಸಿ, ಹೊಸ ಗುಂಡು ತುಂಬಿ ಇಟ್ಟಿದಾರೆ, ಅದೊಂದು ಅಂಚು ಮರೆತಿದಾರೆ. 1878ರಲ್ಲಿ, ಫೊರೆನ್ಸಿಕ್ ಲ್ಯಾಬ್ ಅಂತ ಒಂದು ಇಲ್ದೇ ಇರೋ ಕಾಲದಲ್ಲಿ, ಮೂವತ್ತೊಂದು ಮೂವತ್ತೆರಡು ವರ್ಷದ ಹೆಣ್ಣುಮಗಳು ಬರೆದಿರೋದು ಇದು. ಆ ಮಸಿ ಗೆರೆ ನೆನಪಿಟ್ಕೊಂಡು ಮುಂದಕ್ಕೆ ಹೋಗಿ.

---

ಧಾರವಾಡ_ಫೇಡಾ

ವಕೀಲ್ರು ಹೇಳಿದ್ದು ಖರೇ ಐತ್ರಿ, ಬಿಡಬ್ಯಾಡ್ರಿ ಆ ಪುಸ್ತಕಾ. ನನಗ ಭಾಳ ಸೇರಿದ್ದು ಅಂದ್ರ ಪತ್ತೇದಾರ ಗ್ರೈಸ್. ಹೋಮ್ಸ್ ಗತೆ ಹದ್ದಿನ ಕಣ್ಣು, ಉದ್ದ ಮೂಗು ಏನೂ ಇಲ್ಲ, ದಪ್ಪನ ಮನಶ್ಯಾ, ಸಂಧಿವಾತ ಬ್ಯಾರೆ. ಅಂವಾ ಎದುರಿಗೆ ಕುಂತವರ ಮಾರಿ ನೋಡೂದ ಇಲ್ರಿ! ಪ್ರಶ್ನೆ ಕೇಳೂದು ನಿಮಗ, ನೋಡೂದು ಮಸಿ ದೌತಿ, ಇಲ್ಲಂದ್ರ ನಿಮ್ಮ ಅಂಗಿ ಗುಂಡಿ, ಇಲ್ಲಂದ್ರ ಬಾಗಿಲದ ಹಿಡಿಕಿ. ಆ ಹಿಡಿಕಿ ಕೂಡನ ಮಾತಾಡಾಕತ್ತಾನ ಅನ್ನೂವಂಗ. ಎದುರಿನವರು 'ಇಂವಾ ನನ್ನ ನೋಡಾಕತ್ತಿಲ್ಲ ಬಿಡು' ಅಂತ ಸಡ್ಲ ಬಿಡ್ತಾರ, ಅಲ್ಲೇ ಸಿಗೂದು.

ಇನ್ನೊಂದು ಮಾತು. ಗ್ರೈಸ್ ಒಂದ ಪುಸ್ತಕಕ್ಕ ಮುಗಿಯೂದಿಲ್ಲ, 1917ರಾಗ ಬಂದ 'ದಿ ಮಿಸ್ಟರಿ ಆಫ್ ದಿ ಹೇಸ್ಟಿ ಆ್ಯರೋ' ತನಕ ಬರ್ತಾನ. ಅದ್ರಾಗ ನ್ಯೂಯಾರ್ಕಿನ ಒಂದು ಮ್ಯೂಸಿಯಂದಾಗ ಒಬ್ಬ ಹುಡುಗಿಗೆ ಬಾಣ ಬಡದು ಸಾಯ್ತಾಳ, ಅಷ್ಟೊತ್ತಿಗೆ ಗ್ರೈಸ್ ಹಣ್ಣ ಮುದುಕ. ಓದುಗರ ಕೂಡ ಅವಂಗೂ ವಯಸ್ಸಾಗೇತಿ. ಆದ್ರ ಆ ಪುಸ್ತಕ ಅಷ್ಟಕ್ಕಷ್ಟ, ಪೈಲಾ ಓದಾಕ ಹೋಗಬ್ಯಾಡ್ರಿ.

---

ಅಡ್ಡಮಾತು

ಎಲ್ರೂ ಹೊಗಳ್ತಾ ಇದೀರ, ನಾನು ಸ್ವಲ್ಪ ಉಪ್ಪು ಹಾಕ್ತೀನಿ.

'ತಾಯಿ' ಪಟ್ಟ ಅಷ್ಟು ಸಲೀಸಲ್ಲ ಗುರು. ಮೆಟಾ ವಿಕ್ಟರ್ ಅಂತ ಇನ್ನೊಬ್ರು ಅಮೆರಿಕದೋರೇ, ಸೀಲಿ ರೆಜೆಸ್ಟರ್ ಅನ್ನೋ ಕಾವ್ಯನಾಮದಲ್ಲಿ 'ದಿ ಡೆಡ್ ಲೆಟರ್' ಬರೆದ್ರು, 1866. ಗ್ರೀನ್‌ಗಿಂತ ಹನ್ನೆರಡು ವರ್ಷ ಮುಂಚೆ. ಫ್ರಾನ್ಸ್‌ನಲ್ಲಿ ಗಬೋರಿಯೋ ಆಗಲೇ ಪೂರ್ತಿ ಪತ್ತೇದಾರಿ ಕಾದಂಬರಿ ಬರೆದಾಗಿತ್ತು. ಹಂಗಾಗಿ 'ಮೊದಲು' ಅನ್ನೋದೆಲ್ಲ ಬಿಲ್ಡಪ್ಪೇ. ಒಂದು ಮಾತ್ರ ಒಪ್ಕೋತೀನಿ, ಡೆಡ್ ಲೆಟರ್‌ನಲ್ಲಿ ಪತ್ತೇದಾರ ಬರ್ಟನ್‌ಗೆ ದಾರಿ ಸಿಗದೇ ಹೋದಾಗ ಅವನ ಪುಟ್ಟ ಮಗಳು ಅರೆನಿದ್ದೆ ತರದ ಸ್ಥಿತಿಗೆ ಹೋಗಿ ದಿವ್ಯದೃಷ್ಟಿಯಲ್ಲಿ ನೋಡಿ ಹೇಳ್ತಾಳೆ! ಅಂಜನ ಹಾಕಿ ನೋಡಿದಂಗೇ. ಗ್ರೀನ್ ಹಂಗೆಲ್ಲ ಮೋಸ ಮಾಡಲ್ಲ, ಲೈಬ್ರರಿಯ ನಕ್ಷೆ ಬರೆದು ಕೊಡ್ತಾರೆ, ಹರಿದ ಪತ್ರದ ಚೂರು ಹೆಂಗಿತ್ತೋ ಹಂಗೇ ಪುಟದಲ್ಲಿ ಛಾಪಿಸ್ತಾರೆ, ನೀವೂ ಕೂತು ಜೋಡಿಸ್ಬಹುದು.

ಆದ್ರೆ ಭಾಷೆ? ದೇವ್ರೇ. ಎಲಿಯನೋರ್ ಬಾಯಿ ಬಿಟ್ರೆ ಕಂಪನಿ ನಾಟಕ. ಒಂದು ಸಿಂಪಲ್ ಪ್ರಶ್ನೆಗೆ ಹೌದು ಇಲ್ಲ ಅನ್ನೋ ಬದಲು ಬೆಳ್ಳಗಾಗ್ತಾರೆ, ನಡುಗ್ತಾರೆ, ಆಕಾಶಕ್ಕೆ ಕೈ ಎತ್ತುತಾರೆ, ಪರದೆ ಹಿಡ್ಕೊಂಡು ವಾಲ್ತಾರೆ. ಗ್ರೀನ್ ಮೊದಲು ಕವಿ ಆಗ್ಬೇಕು ಅಂತ ಇದ್ದೋರು, ಅಮೆರಿಕದ ಕವಿ ಎಮರ್ಸನ್‌ಗೆ ಪತ್ರ ಬರೆದೋರು, 1882ರಲ್ಲಿ ಕವನ ಸಂಕಲನನೂ ತಂದಿದಾರೆ. ಆ ಕವಿ ಪೂರ್ತಿ ಹೋಗಿಲ್ಲ ಅನ್ಸುತ್ತೆ, ಕೊಲೆ ಕೇಸಲ್ಲಿ ಬಂದು ಕೂತಿದಾರೆ. ರೇಮಂಡ್ ಅಂತೂ ಎಲಿಯನೋರ್‌ನ ನೋಡಿದ ಕ್ಷಣದಿಂದ ಬುದ್ಧಿ ಬ್ಯಾಂಕ್ ಲಾಕರ್‌ನಲ್ಲಿಟ್ಟು ಬಂದೋನ ತರ ಆಡ್ತಾನೆ. ಸಂಭಾಷಣೆ ಬಂದಾಗ ಪುಟ ಹಾರಿಸಿ, ಏನೂ ನಷ್ಟ ಇಲ್ಲ.

---

ಸಂಜೆಮಲ್ಲಿಗೆ

@ಅಡ್ಡಮಾತು ಹಾರಿಸಿದ್ರೆ ನಷ್ಟ ಇದೆ ಸ್ವಾಮಿ, ಯಾಕೆ ಅಂತ @ಹಾಸನದ_ಓದುಗ ಮುಗಿಸಿದ ಮೇಲೆ ಹೇಳ್ತೀನಿ.

ಲೆವನ್‌ವರ್ತ್ ಭಾರ ಅನ್ಸಿದ್ರೆ ಸೀದಾ 'ದಟ್ ಅಫೇರ್ ನೆಕ್ಸ್ಟ್ ಡೋರ್' ಹಿಡೀರಿ, 1897. ನನಗೆ ಗ್ರೀನ್ ಅಂದ್ರೆ ಅದೇ. ಅದರಲ್ಲಿ ಕತೆ ಹೇಳೋದು ಮಿಸ್ ಅಮೇಲಿಯಾ ಬಟರ್‌ವರ್ತ್, ನ್ಯೂಯಾರ್ಕ್‌ನ ಗ್ರಾಮರ್ಸಿ ಪಾರ್ಕ್‌ನಲ್ಲಿ ಒಬ್ರೇ ಇರೋ, ಮದುವೆ ಆಗದ, ಒಳ್ಳೇ ಮನೆತನದ ಹೆಂಗಸು. ನಾನು ಕೆಟ್ಟ ಕುತೂಹಲದೋಳಲ್ಲ ಅಂತ ಹೇಳ್ತಾ ಹೇಳ್ತಾನೇ ಮಧ್ಯರಾತ್ರಿ ಪಕ್ಕದ ಮನೆ ಮುಂದೆ ಗಾಡಿ ನಿಂತಿದ್ದಕ್ಕೆ ಎದ್ದು ಬಂದು ಕರ್ಟನ್ ಸರಿಸಿ ಇಣುಕ್ತಾರೆ, ಮೊದಲ ವಾಕ್ಯದಲ್ಲೇ! ಆ ಮನೆಯೋರು ಊರಲ್ಲಿಲ್ಲ, ಬಾಗಿಲು ಹಾಕಿದೆ, ಒಬ್ಬ ಗಂಡಸು ಒಬ್ಬ ಹೆಂಗಸು ಒಳಗೆ ಹೋಗ್ತಾರೆ, ಸ್ವಲ್ಪ ಹೊತ್ತಿಗೆ ಗಂಡಸು ಮಾತ್ರ ಹೊರಗೆ ಬರ್ತಾನೆ. ಬೆಳಗ್ಗೆ ನೋಡಿದ್ರೆ ಹಾಲ್‌ನಲ್ಲಿ ದೊಡ್ಡ ಶೋಕೇಸ್ ಮಗುಚಿ ಬಿದ್ದಿದೆ, ಕೆಳಗೆ ಹೆಂಗಸಿನ ಹೆಣ.

ಇಲ್ಲಿ ಗ್ರೈಸ್ ಇದಾನೆ, ಪೊಲೀಸ್ ಇದೆ, ಆದ್ರೆ ಸತ್ತವಳ ಹ್ಯಾಟ್ ಕೈಗೆತ್ಕೊಂಡು ನೋಡೋದು ಬಟರ್‌ವರ್ತ್. ಆಗಿನ ಹೆಂಗಸರು ಹ್ಯಾಟ್ ಜಾರದೇ ಇರ್ಲಿ ಅಂತ ಉದ್ದ ಪಿನ್ ಚುಚ್ಚಿ ಕೂದಲಿಗೆ ಸಿಗಿಸ್ಕೋತಿದ್ರು. ದಿನಾ ಹಾಕೋ ಹ್ಯಾಟ್ ಆದ್ರೆ ತೂತುಗಳು ಸುಮಾರು ಇರ್ಬೇಕು. ಇದರಲ್ಲಿ ಪಿನ್ ಹೋಗಿರೋದು ಒಂದೇ ಸಲ. ಅಂದ್ರೆ ಹೊಸ ಹ್ಯಾಟ್, ಒಂದೇ ಸಲ ಹಾಕಿದ್ದು. ಅಲ್ಲಿಂದ ಅವರು ಬಟ್ಟೆ ಅಂಗಡಿ, ಟೋಪಿ ಅಂಗಡಿ ಅಂತ ಹೋಗೋ ದಾರಿನೇ ಬೇರೆ, ಪೊಲೀಸ್ ಹೋಗೋ ದಾರಿನೇ ಬೇರೆ. ಗಂಡಸು ಪತ್ತೇದಾರ ಎಷ್ಟೇ ಬುದ್ಧಿವಂತ ಆದ್ರೂ ಹ್ಯಾಟ್ ಪಿನ್ ತೂತು ಎಣಿಸೋಕೆ ಹೋಗ್ತಾನಾ ಹೇಳಿ. ಗ್ರೈಸ್‌ಗೂ ಅವರಿಗೂ ನಡೆಯೋ ಜಗಳ, ಒಬ್ಬರನ್ನೊಬ್ಬರು ಕಾಲೆಳೆಯೋದು, ಬಿದ್ದು ಬಿದ್ದು ನಕ್ಕಿದೀನಿ. ಅಗಾಥಾ ಕ್ರಿಸ್ಟಿಯ ಮುದುಕಿ ಪತ್ತೇದಾರಿಣಿ ಮಿಸ್ ಮಾರ್ಪಲ್ ಬರೋಕೆ ಮೂವತ್ತು ವರ್ಷ ಮುಂಚೆ ಇದು. ಅಗಾಥಾ ಕ್ರಿಸ್ಟಿಗೆ ಗ್ರೀನ್ ಗೊತ್ತಿದ್ರು ಅನ್ನೋದರಲ್ಲಿ ಅನುಮಾನನೇ ಬೇಡ, ಚಿಕ್ಕೋರಿದ್ದಾಗ ಅಕ್ಕ ಲೆವನ್‌ವರ್ತ್ ಕೇಸ್ ಓದಿ ಹೇಳಿದ್ದನ್ನ ಆತ್ಮಕತೆಯಲ್ಲಿ ಬರೆದಿದಾರೆ, 'ದಿ ಕ್ಲಾಕ್ಸ್' ಕಾದಂಬರಿಯಲ್ಲಿ ತಮ್ಮ ಪತ್ತೇದಾರ ಪೊಯ್ರೋ ಕೈಲೂ ಆ ಪುಸ್ತಕನ ಹೊಗಳಿಸಿದಾರೆ.

ಬಟರ್‌ವರ್ತ್ ಇಷ್ಟ ಆದ್ರೆ 'ಲಾಸ್ಟ್ ಮ್ಯಾನ್ಸ್ ಲೇನ್' 1898, 'ದಿ ಸರ್ಕ್ಯುಲರ್ ಸ್ಟಡಿ' 1900, ಇದೇ ಆರ್ಡರ್‌ನಲ್ಲಿ ಓದಿ. ಮೂರನೇದರಲ್ಲಿ ಇವರ ಪಾತ್ರ ಕಮ್ಮಿ, ನನಗೆ ಬೇಜಾರಾಯ್ತು.

---

ಹಾಸನದ_ಓದುಗ

ಮುಗಿಸ್ದೆ ಸರ್, ಮುಗಿಸ್ದೆ! ಈ ವೀಕೆಂಡ್ ಪೂರ್ತಿ ಅದೇ ಕೆಲಸ. @ಕರಿಕೋಟು ನೀವು ಹೇಳಿದ್ದಕ್ಕೆ ಇನ್‌ಕ್ವೆಸ್ಟ್ ಮತ್ತೆ ಮೊದಲಿಂದ ಓದಿದೆ, ಥ್ಯಾಂಕ್ಸ್. ಕೊನೇಲಿ ಗ್ರೈಸ್ ಇಡೋ ಬೋನು ಮಸ್ತ್.

ಇನ್ಮೇಲೆ ಸ್ಪಾಯ್ಲರ್ ಇದೆ, ಓದದೇ ಇರೋರು ಇಲ್ಲಿಗೆ ನಿಲ್ಲಿಸಿ

ಆ ಪಿಸ್ತೂಲು ವಿಷಯ. ಸಾಕ್ಷಿಯೆಲ್ಲಾ ಒಂದು ಹುಡುಗಿ ಕಡೆಗೇ ಬೊಟ್ಟು ಮಾಡ್ತಿರೋವಾಗ ಗ್ರೈಸ್ ಏನಂತಾನೆ, ಹೆಂಗಸರು ಪಿಸ್ತೂಲು ಹಾರಿಸ್ತಾರೆ, ಆದ್ರೆ ಹಾರಿಸಿದ ಮೇಲೆ ಅದನ್ನ ಕ್ಲೀನ್ ಮಾಡಿ ಇಟ್ಟ ಹೆಂಗಸನ್ನ ನಾನು ನೋಡೇ ಇಲ್ಲ ಅಂತ! ಏನ್ ಗುರೂ ಇದು. ಅಷ್ಟು ಚೆನ್ನಾಗಿ ಆ ಮಸಿ ಗೆರೆ ಕಟ್ಕೊಂಡು ಬಂದು ಕೊನೆಗೆ ಈ ಲಾಜಿಕ್ಕಾ? ಅದೂ ಬರೆದಿರೋದು ಹೆಂಗಸು.

---

ಅಡ್ಡಮಾತು

ಹ್ಹಹ್ಹಾ ಇದನ್ನೇ ಕಾಯ್ತಾ ಇದ್ದೆ. ನಮ್ಮನೇಲಿ ಮಿಕ್ಸಿಯಿಂದ ಹಿಡಿದು ಬೈಕ್ ಚೈನ್ ತನಕ ಕ್ಲೀನ್ ಮಾಡೋದು ನಮ್ಮಮ್ಮ ಮತ್ತೆ ತಂಗಿ, ನಾನಲ್ಲ. ಅವರ ಕೈಲಿ ಪಿಸ್ತೂಲು ಕೊಟ್ಟಿದ್ರೆ ಆ ಮಸಿ ಗೆರೆನೂ ಉಳೀತಿರ್ಲಿಲ್ಲ.

---

ಸಂಜೆಮಲ್ಲಿಗೆ

ಈಗ ಹೇಳ್ತೀನಿ ಕೇಳಿ, ಸ್ಪಾಯ್ಲರ್ ಮುಂದುವರಿಕೆ.

ಗ್ರೈಸ್ ಮಾತನ್ನ ಗ್ರೀನ್ ಅವರ ಮಾತು ಅಂದ್ಕೋಬೇಡಿ. ಗ್ರೈಸ್‌ಗೆ ಆ ಮನೆ ಹೆಣ್ಮಕ್ಕಳ ಬಗ್ಗೆ ಗೊತ್ತಿರೋದೇ ಅಷ್ಟು. ಅವನೇ ರೇಮಂಡ್‌ಗೆ ಹೇಳ್ತಾನಲ್ಲ, ನಾನು ಏನು ವೇಷ ಬೇಕಾದ್ರೂ ಹಾಕ್ತೀನಿ ಆದ್ರೆ ದೊಡ್ಡ ಮನೆ ಜಂಟಲ್‌ಮನ್ ಅಂತ ಮಾತ್ರ ನನ್ನ ಯಾರೂ ನಂಬಲ್ಲ ಅಂತ. ಪೊಲೀಸ್ ಅನ್ನೋನಿಗೆ ಆ ಕಾಲದಲ್ಲಿ ಫಿಫ್ತ್ ಅವೆನ್ಯೂ ಮನೆಯ ಒಳಕೋಣೆಗೆ ಪ್ರವೇಶ ಇಲ್ಲ, ಹೆಂಗಸರ ಜತೆ ಕೂತು ಟೀ ಕುಡಿಯೋಕಾಗಲ್ಲ. ಅದಕ್ಕೇ ಅವನಿಗೆ ವಕೀಲ ರೇಮಂಡ್ ಬೇಕಾಗಿದ್ದು. ರೇಮಂಡ್‌ನೋ, ಒಳಗೆ ಹೋದ, ಹೋಗಿ ಪ್ರೀತಿಯಲ್ಲಿ ಬಿದ್ದ.

ಅದರ ಫಲ ಆ ಬಾಗಿಲ ಸೀನ್. ನೆನಪಿದೆಯಾ, ಗ್ರೈಸ್ ಮತ್ತೆ ರೇಮಂಡ್ ಇಬ್ಬರೂ ಮಹಡಿ ಹತ್ತಿ ಬಾಗಿಲ ಹತ್ರ ಬರ್ಬೇಕಾದ್ರೆ ಒಳಗಿಂದ ಆ ಇಬ್ಬರು ಹುಡುಗೀರಲ್ಲಿ ಒಬ್ಬಳು ಇನ್ನೊಬ್ಬಳ ಮೇಲೆ ಆರೋಪ ಹೊರಿಸೋದು ಕೇಳುತ್ತೆ, ನಿನ್ನ ಕೈ ಮಾಡಿದೆ ಅನ್ನಲ್ಲ ನಿನ್ನ ಮನಸ್ಸು ಮಾಡಿದೆ ಅನ್ನೋ ತರ. ಯಾರು ಯಾರಿಗೆ ಹೇಳಿದ್ದು? ವಾಪಸ್ ಹೋಗಿ ಓದಿ. ಯಾರು ಅಂತ ಅಲ್ಲಿ ಬರೆದೇ ಇಲ್ಲ! ಮೇರಿ ಎಲಿಯನೋರ್‌ಗೆ ಅಂದಳು ಅಂತ ರೇಮಂಡ್ ಅಂದ್ಕೋತಾನೆ, ನಾವೂ ಅಂದ್ಕೋತೀವಿ, ಇರೋದು ಉಲ್ಟಾ. ಸಂಭಾಷಣೆ ಹಾರಿಸಿ ಅಂದ್ರಲ್ಲ @ಅಡ್ಡಮಾತು, ನೋಡಿ, ಕಳ್ಳಬೀಗ ಇರೋದೇ ಆ ಕಂಪನಿ ನಾಟಕದ ಡೈಲಾಗ್ ಒಳಗೆ.

ಹತ್ತೊಂಬತ್ತು ವರ್ಷ ಆದ್ಮೇಲೆ ಅದೇ ಗ್ರೈಸ್ ಮುಂದೆ ಬಟರ್‌ವರ್ತ್‌ನ ತಂದು ನಿಲ್ಲಿಸ್ತಾರೆ. ಆಯಮ್ಮನಿಗೆ ಯಾವ ದೊಡ್ಡ ಮನೆಗೆ ಹೋಗೋಕೂ ಯಾರ ಪರ್ಮಿಷನ್ನೂ ಬೇಡ, ಹ್ಯಾಟ್ ಗೊತ್ತು, ಬಟ್ಟೆ ಗೊತ್ತು, ಆಳುಗಳು ಯಾವಾಗ ಸುಳ್ಳು ಹೇಳ್ತಾರೆ ಗೊತ್ತು. ಗ್ರೀನ್ ಬರವಣಿಗೆಯಲ್ಲಿ ನನಗೆ ಎದ್ದು ಕಾಣೋದು ಇದೇನೇ, ಯಾರು ಜಾಸ್ತಿ ಬುದ್ಧಿವಂತರು ಅನ್ನೋದಲ್ಲ, ಯಾರಿಗೆ ಆ ಮನೆ ಒಳಗೆ ಕೂತ್ಕೊಳ್ಳೋ ಹಕ್ಕಿದೆ ಅನ್ನೋದು. 1915ರ ವಯಲೆಟ್ ಸ್ಟ್ರೇಂಜ್ ಕತೆಗಳೂ ಹಂಗೇ, ಒಂಬತ್ತು ಕತೆ, ಸಾಹುಕಾರನ ಮಗಳು, ಪಾರ್ಟಿಗೆ ಹೋಗೋ ಹುಡುಗಿ, ಅಪ್ಪನಿಗೆ ಗೊತ್ತಿಲ್ದಂಗೆ ದುಡ್ಡಿಗೋಸ್ಕರ ಪತ್ತೇದಾರಿ ಮಾಡ್ತಾಳೆ. ಪಾರ್ಟಿಗೆ ಕರೆದಿರೋ ಹುಡುಗಿ ಮೇಲೆ ಅನುಮಾನ ಯಾರಿಗೆ ಬರುತ್ತೆ? ದುಡ್ಡು ಯಾಕೆ ಬೇಕು ಅನ್ನೋದು ಕೊನೇ ಕತೆಯಲ್ಲಿದೆ, ಹೇಳಲ್ಲ. ಅದರಲ್ಲಿ 'ದಿ ಸೆಕೆಂಡ್ ಬುಲೆಟ್' ತಪ್ಪದೇ ಓದಿ, ಗಂಡ ಆತ್ಮಹತ್ಯೆ ಮಾಡ್ಕೊಂಡ ಅಂತ ತೀರ್ಮಾನ ಆದ್ರೆ ವಿಮೆ ದುಡ್ಡು ಬರಲ್ಲ, ಅಲ್ಲ ಅಂತ ಸಾಬೀತು ಮಾಡ್ಬೇಕು.

ತಮಾಷೆ ಏನಂದ್ರೆ ಇಂಥ ಹೆಂಗಸರನ್ನ ಬರೆದ ಇದೇ ಗ್ರೀನ್ ಹೆಂಗಸರಿಗೆ ಓಟಿನ ಹಕ್ಕು ಬೇಡ ಅನ್ನೋ ಕಡೆಯೋರು. ಅದನ್ನ ನಾನು ಯಾವ ಲೆಕ್ಕಕ್ಕೂ ಹೊಂದಿಸೋಕೆ ಹೋಗಲ್ಲ.

---

ಕರಿಕೋಟು

ಬಾಗಿಲ ಸೀನ್ ಬಗ್ಗೆ ಮೇಡಂ ಹೇಳಿದ್ದು ಕರೆಕ್ಟ್. ಕೋರ್ಟಲ್ಲಿ 'ಧ್ವನಿ ಕೇಳಿಸ್ತು ಸ್ವಾಮಿ' ಅಂತ ಸಾಕ್ಷಿ ಹೇಳಿದ್ರೆ ಪಾಟೀಸವಾಲಿನ ಮೊದಲನೇ ಪ್ರಶ್ನೆನೇ ಯಾರ ಧ್ವನಿ ಅಂತ ಹೆಂಗೆ ಗುರುತು ಹಿಡಿದ್ರಿ, ಮುಂಚೆ ಎಷ್ಟು ಸಲ ಕೇಳಿದ್ರಿ ಅನ್ನೋದು. ರೇಮಂಡ್ ವಕೀಲ ಆಗಿದ್ದೂ ಆ ಪ್ರಶ್ನೆ ತನಗೇ ಕೇಳ್ಕೊಳ್ಳಲ್ಲ.

ಪಿಸ್ತೂಲು ಲಾಜಿಕ್‌ಗೆ ಮಾತ್ರ ನಾನು ಡಿಫೆನ್ಸ್ ಮಾಡಲ್ಲ. ಅದು ಸಾಕ್ಷ್ಯ ಅಲ್ಲ, ಅಭಿಪ್ರಾಯ. ಗ್ರೈಸ್‌ಗೂ ಅದು ಗೊತ್ತು, ಅದಕ್ಕೇ ಅಷ್ಟರ ಮೇಲೆ ಯಾರನ್ನೂ ಅರೆಸ್ಟ್ ಮಾಡ್ದೇ ಬೋನು ಇಟ್ಟು ತಪ್ಪೊಪ್ಪಿಗೆಗೆ ಕಾಯೋದು.

---

ಧಾರವಾಡ_ಫೇಡಾ

ಇಷ್ಟೆಲ್ಲಾ ಆದಮ್ಯಾಲೆ ಒಂದು ಪ್ರಶ್ನಿ ನಂದೂ ಐತ್ರಿ. ಬಟರ್‌ವರ್ತ್ ಪುಸ್ತಕಾ ನಾ ಕನ್ನಡಕ್ಕ ತರಬೇಕಂತ ಭಾಳ ದಿನದಿಂದ ಅಂದ್ಕೊಂಡೀನಿ. ಯಾರನ್ನರ ಪರವಾನಗಿ ಕೇಳಬೇಕೇನ್ರಿ?

---

ಕರಿಕೋಟು

ಬೇಡ ಸರ್. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ. ಇವರು ತೀರ್ಕೊಂಡಿದ್ದು 1935ರ ಏಪ್ರಿಲ್, ಬಫಲೋದಲ್ಲಿ. ಅಲ್ಲಿಗೆ 1995ಕ್ಕೇ ಮುಗೀತು. ಹುಷಾರಾಗಿರ್ಬೇಕಾದ್ದು ಒಂದೇ, ಈಗಿನ ಪಬ್ಲಿಷರ್‌ಗಳು ಹೊಸದಾಗಿ ಹಾಕಿರೋ ಮುನ್ನುಡಿ, ಟಿಪ್ಪಣಿ, ಕವರ್ ಚಿತ್ರ ಇವು ಅವರವರ ಸ್ವತ್ತು, ಅದನ್ನ ಮುಟ್ಬೇಡಿ. ಮೂಲ ಪಠ್ಯ ಗುಟೆನ್‌ಬರ್ಗ್‌ನಿಂದ ತಗೊಂಡು ಧೈರ್ಯವಾಗಿ ಶುರು ಮಾಡಿ.

---

ಸಂಜೆಮಲ್ಲಿಗೆ

@ಧಾರವಾಡ_ಫೇಡಾ ಬಟರ್‌ವರ್ತ್‌ನ ನಿಮ್ಮ ಧಾರವಾಡ ಕನ್ನಡದಲ್ಲೇ ಮಾತಾಡ್ಸಿ ಪ್ಲೀಸ್, ಆ ಜಂಬಕ್ಕೆ ಅದೇ ಒಪ್ಪೋದು. ಮೊದಲನೇ ಚಾಪ್ಟರ್ ಆದ ಕೂಡಲೇ ಇಲ್ಲೇ ಹಾಕಿ, ಹ್ಯಾಟ್ ಪಿನ್ ಬರೋ ಕಡೆ ಏನಾದ್ರೂ ಡೌಟ್ ಬಂದ್ರೆ ನನ್ನ ಕೇಳಿ.

---

ಧಾರವಾಡ_ಫೇಡಾ

ಆತ್ರಿ ಅಕ್ಕಾರ. ಪೈಲೇ ವಾಕ್ಯ ಆಗೇತಿ ನೋಡ್ರಿ: 'ಮಂದಿ ಮನಿ ಸುದ್ದಿ ನನಗ್ಯಾಕ ಬೇಕ್ರಿ, ಆದ್ರ ಆ ಸಪ್ಟೆಂಬರ್ ರಾತ್ರಿ ಬಾಜು ಮನಿ ಮುಂದ ಗಾಡಿ ನಿಂತ ಸಪ್ಪಳಾತು, ಎದ್ದು ಹೋಗಿ ಪಡದೆ ಸರಿಸಿ ನೋಡದ ಇರಾಕ ಆಗಲಿಲ್ಲ.'

---

ಅಡ್ಡಮಾತು

ಇದು ನಮ್ಮ ಓನರ್ ಆಂಟಿನೇ. ಮುಂದಿನ ಚಾಪ್ಟರ್ ಬೇಗ ಹಾಕಿ.